ಸಾಯುವ ರಕ್ತಕಣದ ಉಪ್ಪಿನ ಲೆಕ್ಕ

ಗಂಟಲು ನೋವು, ಜ್ವರ ಬಂದಾಗ ಕತ್ತಿನಲ್ಲಿ ಗಂಟುಗಳು ಊದಿಕೊಳ್ಳುವುದೂ, ಜ್ವರ ಬಿಟ್ಟ ಕೆಲವು ವಾರಗಳಲ್ಲಿ ಅವು ತಾವಾಗಿಯೇ ಇಳಿಯುವುದೂ ಎಲ್ಲರಿಗೂ ತಿಳಿದ ಸಂಗತಿ. ರೋಗಾಣುಗಳೊಡನೆ ಹೋರಾಡಲು ಆ ಗಂಟುಗಳಲ್ಲಿ ಬೆಳೆದ ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳು ಅನಂತರ ಏನಾಗುತ್ತವೆ? ಅವುಗಳಲ್ಲಿ ಬಹುಪಾಲು ತಾವೇ ಸಾಯುತ್ತವೆ. ಜೀವಕೋಶಗಳ ಇಂಥ ನಿಯಮಬದ್ಧ ಮರಣಕ್ಕೆ ಕೆರ್, ವೈಲಿ, ಕರಿ ಎಂಬ ಮೂವರು ವಿಜ್ಞಾನಿಗಳು 1972ರಲ್ಲಿ 'ಅಪಾಪ್ಟೋಸಿಸ್' ಎಂದು ಹೆಸರಿಟ್ಟರು. ಎಲೆ ಉದುರುವುದು ಎಂಬುದು ಆ ಗ್ರೀಕ್ ಪದದ ಭಾವ.

ಈ ಮರಣದಲ್ಲಿ ಲವಣಗಳ ಪಾತ್ರ ಕುತೂಹಲಕರವಾದುದು. ಬದುಕಿರುವ ಕೋಶದೊಳಗೆ ಪೊಟ್ಯಾಸಿಯಂ ಲೀಟರಿಗೆ ಸುಮಾರು 140 ಮಿಲಿಮೋಲ್. ಹೊರಗಿನ ದ್ರವದಲ್ಲಿ 4ರ ಆಸುಪಾಸು. ಸೋಡಿಯಮ್ಮಿನ ಲೆಕ್ಕ ಇದಕ್ಕೆ ತದ್ವಿರುದ್ಧ. (ರಕ್ತಪರೀಕ್ಷೆಯ ವರದಿಯಲ್ಲಿ ಕಾಣುವುದು ಹೊರಗಿನ ಅಂಕಿ ಮಾತ್ರ, ಒಳಗಿನ ದೊಡ್ಡ ಠೇವಣಿ ಅದರಲ್ಲಿ ನಮೂದಾಗುವುದಿಲ್ಲ.) ಈ ಅಂತರವನ್ನು ಕಾಯ್ದುಕೊಳ್ಳುವುದು ಕೋಶದ ಪೊರೆಯಲ್ಲಿರುವ ಒಂದು ಪಂಪು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಬೆಳಕಿಗೆ ತಂದ ಈ ಕಿಣ್ವವು ಪ್ರತಿ ಸರದಿಗೂ 3 ಸೋಡಿಯಂ ಅಯಾನುಗಳನ್ನು ಹೊರದೂಡಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತದೆ.

ಮರಣದ ಸಂಕೇತ ಬಂದ ಲಿಂಫೋಸೈಟಿನಿಂದ ಪೊಟ್ಯಾಸಿಯಂ, ಕ್ಲೋರೈಡುಗಳು ಹೊರಕ್ಕೆ ಹರಿಯುತ್ತವೆ. ನೀರೂ ಅವನ್ನು ಹಿಂಬಾಲಿಸಿ ಕಣ ಕುಗ್ಗುತ್ತದೆ. ಮೇಲ್ನೋಟಕ್ಕೆ ಇದು ಸಾವಿನ ಪರಿಣಾಮವೆಂದೇ ತೋರುತ್ತದೆ. ಆದರೆ ಅಮೆರಿಕದಲ್ಲಿ ಸಿಡ್ಲೋಸ್ಕಿ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯೇ ಮಾತನ್ನಾಡಿದವು. ಒಳಗಿನ ಪೊಟ್ಯಾಸಿಯಂ ಎಂದಿನ ಮಟ್ಟದಲ್ಲಿರುವವರೆಗೆ, ಕೋಶವನ್ನು ಕೆಡಹುವ ಕ್ಯಾಸ್ಪೇಸ್ ಕಿಣ್ವಗಳು ಎಚ್ಚರಗೊಳ್ಳುವುದಕ್ಕೂ ಡಿಎನ್‌ಎ ತುಂಡಾಗುವುದಕ್ಕೂ ತಡೆಯಿರುತ್ತದೆ. ಅರ್ಥಾತ್, ಪೊಟ್ಯಾಸಿಯಂ ಬರಿಯ ದಾಸ್ತಾನಲ್ಲ, ಬೀಗವೂ ಹೌದು. ಅದು ಹೊರಹೋದರೇ ಮುಂದಿನ ಕೆಲಸಕ್ಕೆ ದಾರಿ ತೆರೆಯುವುದು.

ಪೆಟ್ಟಿನಿಂದ ಸಾಯುವ ಕೋಶದ ಬಗೆ ಬೇರೆ. ಅದರೊಳಕ್ಕೆ ಸೋಡಿಯಂ, ನೀರು ನುಗ್ಗಿ ಅದು ಉಬ್ಬಿ ಒಡೆಯುತ್ತದೆ. ಒಳಗಿದ್ದುದೆಲ್ಲ ಚೆಲ್ಲಿ ಸುತ್ತ ಉರಿಯೂತವಾಗುತ್ತದೆ. ಕುಗ್ಗಿ ಸತ್ತ ಕಣದ ತುಣುಕುಗಳನ್ನಾದರೋ ಭಕ್ಷಕಕೋಶಗಳು ಸದ್ದಿಲ್ಲದೆ ನುಂಗಿಬಿಡುತ್ತವೆ.

ಬಾಳೆಹಣ್ಣು, ಎಳನೀರುಗಳಿಂದ ಈ ಒಳಲೆಕ್ಕವನ್ನು ತಿದ್ದಲಾಗದು. ಅವುಗಳ ಪೊಟ್ಯಾಸಿಯಮ್ಮಿನಲ್ಲಿ ಹೆಚ್ಚಾದುದನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ಮರಣದ ಸಂಕೇತವನ್ನು ಪಡೆಯುವ 'ಫ್ಯಾಸ್' ಎಂಬ ಜೀನು ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಮಕ್ಕಳಲ್ಲಿ ಲಿಂಫೋಸೈಟುಗಳು ಸಾಯದೆ ಉಳಿಯುತ್ತವೆ. ಗಂಟುಗಳೂ ಗುಲ್ಮವೂ ಊದಿಯೇ ಇದ್ದು, ಕಾಯಬೇಕಾದ ವ್ಯವಸ್ಥೆ ತನ್ನದೇ ರಕ್ತಕಣಗಳನ್ನು ಹೊಡೆಯತೊಡಗುತ್ತದೆ. ವಾರಗಳು ಕಳೆದರೂ ಇಳಿಯದ ಗಂಟಿಗೆ ಕಾರಣಗಳು ಇನ್ನೂ ಹಲವುಂಟು. ಅದನ್ನು ವೈದ್ಯರಿಗೆ ತೋರಿಸತಕ್ಕದ್ದು.