ನೂಲಿನ ಗಿರಣಿಯ ಒಂದು ಪುಟ್ಟ ಕೊಕ್ಕೆ

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಣ ನೆಲ ಬಹುಮಟ್ಟಿಗೆ ಕರಿಯ ಎರೆಭೂಮಿ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದು, 1997ರಿಂದ ಗದಗ ಜಿಲ್ಲೆಯಲ್ಲಿರುವ ಈ ಸೀಮೆಯು ಹತ್ತಿಯ ಬೆಳೆಗೆ ಬಹುಕಾಲದಿಂದ ಹೆಸರಾದುದು. ಹತ್ತಿ ಬೆಳೆಯುವ ಹೊಲವೂ ಇಲ್ಲಿ ಉಂಟು. ಪಟ್ಟೇದಂಚಿನ ಸೀರೆಗೆ ಹೆಸರಾದ ಗಜೇಂದ್ರಗಡದ ಕೈಮಗ್ಗವೂ ಉಂಟು. ಹೊಲದಿಂದ ಮಗ್ಗಕ್ಕೆ ಬರುವ ದಾರಿಯಲ್ಲಿ ಅರಳೆಯು ನೂಲಾಗಬೇಕು. ನೂಲುವ ಯಂತ್ರದಲ್ಲಿ, ಪ್ರತಿಯೊಂದು ಕದಿರಿನ ಮೇಲೂ, ತಂತಿಯ ಪುಟ್ಟ ಕೊಕ್ಕೆಯೊಂದು ಇರುತ್ತದೆ. ಗಿರಣಿಯನ್ನು ನೋಡಹೋದವರ ಕಣ್ಣಿಗೆ ಅದು ಬೀಳುವುದೇ ಅಪರೂಪ. ಆದರೆ ಭೌತವಿಜ್ಞಾನದ ವಿದ್ಯಾರ್ಥಿಗೆ ಅದರಲ್ಲಿ ಕಲಿಯತಕ್ಕ ಪಾಠ ಬೇಕಾದಷ್ಟಿದೆ. ಗಿಡ್ಡ ನಾರಿನ ನಮ್ಮ ನಾಡಹತ್ತಿಗಂತೂ ಆ ಕೊಕ್ಕೆಯೊಡನೆ ಹತ್ತಿರದ ಸಂಬಂಧವಿದೆ. ಅದೇನೆಂಬುದನ್ನು ನಾವೀಗ ವಿಚಾರಿಸೋಣ.

ಹುರಿಯ ಮಹಿಮೆ

ಧಾರವಾಡದ ಸೀಮೆಯಲ್ಲಿ ಬಹುವರ್ಷ ಬೆಳೆದ ಜಯಧರ ಎಂಬ ನಾಡಹತ್ತಿಯ ನಾರು ಸುಮಾರು 20ರಿಂದ 22 ಮಿಲಿಮೀಟರ್ ಉದ್ದದ್ದು. ಇಷ್ಟು ಗಿಡ್ಡ ನಾರುಗಳಿಂದ ಮೈಲಿಗಟ್ಟಲೆ ಉದ್ದದ ನೂಲು ಆಗುವುದಾದರೂ ಹೇಗೆ? ನಾರುಗಳನ್ನು ಒಂದಕ್ಕೊಂದು ಅಂಟಿಸುವ ಗೋಂದು ಅಲ್ಲಿಲ್ಲ. ಅವನ್ನು ಹಿಡಿದಿಡುವುದು ಘರ್ಷಣೆಯೊಂದೇ. ನಾರುಗಳ ಕಂತೆಗೆ ಹುರಿ ಕೊಟ್ಟಾಗ ಹೊರಗಿನ ನಾರುಗಳು ಸುರುಳಿಯಾಗಿ ಸುತ್ತಿ ಒಳಗಿನವನ್ನು ಅದುಮುತ್ತವೆ. ಅಂಥ ಕಂತೆಯನ್ನು ಎಳೆದಷ್ಟೂ ಅದುಮು ಹೆಚ್ಚುತ್ತದೆ. ಅದುಮು ಹೆಚ್ಚಿದಷ್ಟೂ ನಾರು ಜಾರುವುದು ಕಷ್ಟವಾಗುತ್ತದೆ. ಹುರಿ ಇಲ್ಲದ ಹಂಜಿಯನ್ನು ಮಗುವೂ ಕೀಳಬಲ್ಲದು. ಅದಕ್ಕೆ ಹುರಿ ಕೊಟ್ಟು ನೂಲಾಗಿಸಿದರೆ ಬಟ್ಟೆಯ ಭಾರವನ್ನೆಲ್ಲ ತಡೆಯುತ್ತದೆ.

ನಾರು ಗಿಡ್ಡವಾದಷ್ಟೂ ಅದು ನೆರೆಯ ನಾರುಗಳೊಡನೆ ತಗುಲಿಕೊಂಡಿರುವ ಉದ್ದ ಕಡಮೆ. ಆದುದರಿಂದ ಹುರಿ ಹೆಚ್ಚು ಬೇಕು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಇದರ ಮೇಲೆ ನಿಂತಿದೆ.

ಬೆರಳಿನಿಂದ ಕೊಕ್ಕೆಗೆ

ಕೈರಾಟೆಯಲ್ಲಿ ನೂಲುವವರು ಒಂದು ಕೈಯಿಂದ ಚಕ್ರ ತಿರುಗಿಸಿ, ಇನ್ನೊಂದು ಕೈಯ ಬೆರಳುಗಳ ನಡುವೆ ಹಂಜಿಯನ್ನು ಹಿಡಿದು ಎಳೆಯುವರು. ಹುರಿ ಎಷ್ಟು ಏರಿತು, ಎಲ್ಲಿ ಎಳೆ ತೆಳುವಾಯಿತು ಎಂಬುದನ್ನು ಬೆರಳೇ ಅರಿಯುತ್ತದೆ. ಸೋತ ಕಡೆಯಲ್ಲಿ ಎಳೆತವನ್ನು ಸಡಿಲಿಸಿ, ಹುರಿ ಬರುವ ತನಕ ಕಾಯುತ್ತದೆ.

ಗಿರಣಿಯಲ್ಲಿ ಈ ಬೆರಳಿಲ್ಲ. ಇಂದಿಗೂ ಬಹಳವಾಗಿ ಬಳಕೆಯಲ್ಲಿರುವ ರಿಂಗ್ ಯಂತ್ರಕ್ಕೆ ಅಮೆರಿಕದ ಜಾನ್ ಥಾರ್ಪ್ 1828ರಲ್ಲಿ ಪೇಟೆಂಟ್ ಪಡೆದನು. ಮರುವರ್ಷವೇ ಅಡಿಸನ್ ಮತ್ತು ಸ್ಟೀವನ್ಸ್ ಎಂಬವರು ಅದಕ್ಕೆ ಟ್ರಾವಲರ್ ಎಂಬ ಪುಟ್ಟ ಕೊಂಡಿಯನ್ನು ಸೇರಿಸಿದರು. ಗೋಕಾಕ ಜಲಪಾತದ ಬಳಿ 1880ರ ದಶಕದಲ್ಲಿ ಸ್ಥಾಪಿತವಾದ ಗಿರಣಿಯಿಂದ ಮೊದಲಾಗಿ, ಗದಗಿನ ಬಳಿಯ ಹುಲಕೋಟಿಯಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಎದ್ದ ಸಹಕಾರಿ ನೂಲಿನ ಗಿರಣಿಯವರೆಗೆ, ನಮ್ಮ ನಾಡಿನ ಹತ್ತಿಯು ಗಿರಣಿಗಳ ಕದಿರನ್ನು ಏರುತ್ತ ಬಂದಿದೆ.

ರಿಂಗ್ ಯಂತ್ರದ ರಚನೆ ಹೀಗಿದೆ. ಮೇಲುಗಡೆ ಜೋಡಿ ಉರುಳೆಗಳು ಹಂಜಿಯನ್ನು ಎಳೆದು ತೆಳ್ಳಗೆ ಮಾಡಿ ಕೆಳಕ್ಕೆ ಬಿಡುತ್ತವೆ. ಕೆಳಗೆ ಕದಿರು ತಿರುಗುತ್ತಿರುತ್ತದೆ. ಕದಿರನ್ನು ಸುತ್ತುವರಿದು ಉಕ್ಕಿನ ಬಳೆಯೊಂದಿದೆ. ಬಳೆಯ ಅಂಚಿನ ಮೇಲೆ ಟ್ರಾವಲರ್ ಓಡುತ್ತದೆ. ಇವೆರಡಕ್ಕೂ ನಡುವೆ, ಕದಿರಿನ ನೆತ್ತಿಗೆ ಸರಿಯಾಗಿ, ಹಂದಿಯ ಬಾಲದಂತೆ ಸುರುಳಿಯಾದ ತಂತಿಯ ಕೊಕ್ಕೆಯನ್ನು ಕೂಡಿಸಿರುವರು. ಗಿರಣಿಯವರು ಇದನ್ನು ಲ್ಯಾಪೆಟ್ ಎನ್ನುವರು. ನೂಲು ಉರುಳೆಯಿಂದ ಇಳಿದು, ಕೊಕ್ಕೆಯ ಕಣ್ಣಿನಲ್ಲಿ ಹಾದು, ಟ್ರಾವಲರಿನಲ್ಲಿ ತೂರಿ, ಕದಿರಿನ ಬಾಬಿನ್ನಿಗೆ ಸುತ್ತಿಕೊಳ್ಳುತ್ತದೆ. ಟ್ರಾವಲರ್ ಬಳೆಯನ್ನು ಒಂದು ಸುತ್ತು ಹಾಕಿದರೆ ನೂಲಿಗೆ ಒಂದು ಹುರಿ ಬೀಳುತ್ತದೆ. ಅದು ಕದಿರಿಗಿಂತ ಸ್ವಲ್ಪ ಹಿಂದೆ ಬೀಳುವುದರಿಂದ ನೂಲು ಸುತ್ತಿಕೊಳ್ಳುತ್ತದೆ.

1950ರ ದಶಕದಲ್ಲಿ ಖಾದಿ ಕೇಂದ್ರಗಳಿಗೆ ಬಂದ ಅಂಬರ ಚರಕವು ಇದೇ ಯಂತ್ರದ ಪುಟ್ಟ ರೂಪ. ಅದರಲ್ಲಿಯೂ ಉರುಳೆ, ಬಳೆ, ಟ್ರಾವಲರುಗಳುಂಟು.

ತಿರುಗುವ ನೂಲಿನ ಲೆಕ್ಕ

ಕದಿರು ನಿಮಿಷಕ್ಕೆ 10,000 ಸುತ್ತು ತಿರುಗುವುದೆಂದು ಇಟ್ಟುಕೊಳ್ಳೋಣ. ಇಂದಿನ ಯಂತ್ರಗಳು ಇದರ ಇಮ್ಮಡಿ ವೇಗವನ್ನೂ ಮುಟ್ಟುತ್ತವೆ. ಕೊಕ್ಕೆಗೂ ಟ್ರಾವಲರಿಗೂ ನಡುವಿನ ನೂಲು ಇಷ್ಟು ವೇಗದಲ್ಲಿ ಸುತ್ತುವಾಗ ಹೊರಕ್ಕೆ ಉಬ್ಬಿ ಗಾಳಿಬುಡ್ಡೆಯಂತೆ ಕಾಣುತ್ತದೆ. ಅದಕ್ಕೆ ಬಲೂನು ಎಂದೇ ಹೆಸರು. ಉಬ್ಬಿನ ತ್ರಿಜ್ಯ 2.5 ಸೆಂಟಿಮೀಟರ್ ಆದರೆ, ಅಲ್ಲಿಯ ಕೇಂದ್ರಾಪಗಾಮಿ ವೇಗೋತ್ಕರ್ಷವು ಗುರುತ್ವದ ಸುಮಾರು 2,800 ಪಟ್ಟು ಆಗುತ್ತದೆ. 20ನೆಯ ನಂಬರಿನ ನೂಲಿನ ಒಂದು ಸೆಂಟಿಮೀಟರ್ ತುಂಡಿನ ತೂಕ ಸುಮಾರು 0.3 ಮಿಲಿಗ್ರಾಂ. ಬಲೂನಿನಲ್ಲಿ ಅದು 0.8 ಗ್ರಾಮಿನ ತುಂಡಿನಂತೆ ಹೊರಕ್ಕೆ ಜಗ್ಗುತ್ತದೆ. ಈ ಬಲವು ವೇಗದ ವರ್ಗಕ್ಕನುಸಾರವಾಗಿ ಏರುವುದರಿಂದ, ಕದಿರಿನ ವೇಗವನ್ನು 10,000ದಿಂದ 12,000ಕ್ಕೆ ಏರಿಸಿದರೆ ಅದು 1.44 ಪಟ್ಟು ಆಗುತ್ತದೆ. ಬಲೂನಿನ ಈ ಜಗ್ಗಾಟವೆಲ್ಲ ಬಿಗಿತವಾಗಿ ಕೊಕ್ಕೆಯ ಕಣ್ಣಿಗೆ ಬಂದು ಮುಟ್ಟುತ್ತದೆ.

ಇನ್ನು ಹುರಿಯ ಲೆಕ್ಕ. 20ನೆಯ ನಂಬರಿನ ಹಾಸುನೂಲಿಗೆ ಅಂಗುಲಕ್ಕೆ ಸುಮಾರು 18 ಹುರಿ ಬೇಕು. 10,000ವನ್ನು 18ರಿಂದ ಭಾಗಿಸಿದರೆ ನಿಮಿಷಕ್ಕೆ 556 ಅಂಗುಲ, ಎಂದರೆ ಸುಮಾರು 14 ಮೀಟರ್ ನೂಲು ದೊರೆಯುತ್ತದೆ. ಹುರಿಯನ್ನು 20ಕ್ಕೆ ಏರಿಸಬೇಕಾದರೆ ಉತ್ಪತ್ತಿ ಹತ್ತನೆಯ ಒಂದು ಪಾಲು ಇಳಿಯುತ್ತದೆ. ಹುರಿಗೆ ಬೆಲೆಯುಂಟೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊಕ್ಕೆ ಮಾಡುವ ಎರಡು ಕೆಲಸ

ಹುರಿ ಹುಟ್ಟುವುದು ಟ್ರಾವಲರಿನಲ್ಲಿ. ಬೇಕಾದುದು ಉರುಳೆಯ ಬಾಯಿಯಲ್ಲಿ. ಉರುಳೆಯಿಂದ ಆಗತಾನೆ ಹೊರಬಂದ ನಾರುಗಳಿಗೆ ಇನ್ನೂ ಹುರಿ ತಗುಲಿರುವುದಿಲ್ಲ. ಯಂತ್ರದಲ್ಲಿ ನೂಲು ಅತಿ ದುರ್ಬಲವಾಗಿರುವ ಜಾಗ ಅದೇ. ಎಳೆ ಕಡಿಯುವುದೂ ಹೆಚ್ಚಾಗಿ ಅಲ್ಲಿಯೇ. ಹುರಿಯು ಕೆಳಗಿನಿಂದ ಹತ್ತಿ ಅಲ್ಲಿಗೆ ಮುಟ್ಟಬೇಕಾದರೆ ಕೊಕ್ಕೆಯನ್ನು ದಾಟಲೇಬೇಕು.

ಕೊಕ್ಕೆಯ ಮೇಲೆ ನೂಲು ಬಾಗಿ ಹಾದುಹೋಗುವಾಗ ಘರ್ಷಣೆ ಉಂಟಾಗುತ್ತದೆ. ಇದರ ಲೆಕ್ಕವನ್ನು 18ನೆಯ ಶತಮಾನದ ಗಣಿತಜ್ಞ ಆಯ್ಲರ್ ಕೊಟ್ಟಿದ್ದಾನೆ. ಘರ್ಷಣಾಂಕವನ್ನು, ರೇಡಿಯನ್ನುಗಳಲ್ಲಿ ಅಳೆದ ಬಾಗುಕೋನದಿಂದ ಗುಣಿಸಿ, ಗುಣಲಬ್ಧವನ್ನು 2.718ರ ಘಾತಾಂಕವಾಗಿ ಇಟ್ಟರೆ, ಎರಡು ಬದಿಯ ಬಿಗಿತಗಳ ನಿಷ್ಪತ್ತಿ ಸಿಕ್ಕುತ್ತದೆ. ನೂಲು 60 ಡಿಗ್ರಿ ಬಾಗಿದೆ, ಘರ್ಷಣಾಂಕ 0.2 ಇದೆ ಎನ್ನೋಣ. ಆಗ ನಿಷ್ಪತ್ತಿ 1.23. ಕೊಕ್ಕೆಯ ಕೆಳಗೆ 30 ಗ್ರಾಂ ಬಿಗಿತವಿದ್ದರೆ ಮೇಲೆ 24 ಗ್ರಾಂ ಮಾತ್ರ ಇರುತ್ತದೆ. ಘರ್ಷಣಾಂಕ 0.4 ಆದರೆ ಮೇಲಿನ ಬಿಗಿತ 20 ಗ್ರಾಮಿಗೆ ಇಳಿಯುತ್ತದೆ.

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬನು ಕೇಳಬಹುದು: “ದುರ್ಬಲವಾದ ಜಾಗದಲ್ಲಿ ಬಿಗಿತ ಕಡಮೆಯಾಯಿತಲ್ಲ! ಹಾಗಾದರೆ ಘರ್ಷಣೆ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೆ?” ಪ್ರಶ್ನೆ ಸರಿಯಾದುದೇ. ಆದರೆ ಬಿಗಿತವನ್ನು ತಡೆಯುವ ಘರ್ಷಣೆಯೇ ಹುರಿಯನ್ನೂ ತಡೆಯುತ್ತದೆ. ಹುರಿ ದಾಟಬೇಕಾದರೆ ನೂಲು ಕೊಕ್ಕೆಯ ಮೈಮೇಲೆ ತನ್ನ ಅಕ್ಷದ ಸುತ್ತ ಹೊರಳಬೇಕು. ಮೈ ಒರಟಾಗಿದ್ದರೆ ಹೊರಳುವುದಿಲ್ಲ. ಹುರಿ ಕೆಳಗೇ ನಿಂತುಬಿಡುತ್ತದೆ. ಆಗ ಉರುಳೆಯ ಬಾಯಿಯಲ್ಲಿ ನಾರುಗಳು ಸಡಿಲವಾಗಿ ಉಳಿಯುತ್ತವೆ. ಬಿಗಿತವು ಇಳಿದುದಕ್ಕಿಂತ ಹೆಚ್ಚಾಗಿ ನೂಲಿನ ಶಕ್ತಿಯೇ ಇಳಿದರೆ, ಎಳೆ ಕಡಿಯದೆ ಇನ್ನೇನಾದೀತು? ಉದ್ದ ನಾರಿನ ಹತ್ತಿ ಈ ಕೊರತೆಯನ್ನು ಹೇಗೋ ತಾಳಿಕೊಳ್ಳುತ್ತದೆ. ಗಿಡ್ಡ ನಾರಿಗೆ ಆ ತಾಳಿಕೆಯಿಲ್ಲ. ಆದುದರಿಂದ ಆ ಒಂದೆರಡು ಅಂಗುಲದ ಜಾಗವನ್ನು ಉಳಿಸುವ ಸಲುವಾಗಿ ಇಡೀ ನೂಲಿಗೆ ಹೆಚ್ಚು ಹುರಿ ಕೊಡಬೇಕಾಗುತ್ತದೆ. ಇದರಿಂದ ಉತ್ಪತ್ತಿ ಕುಗ್ಗುತ್ತದೆ, ನೂಲು ಬಿರುಸಾಗುತ್ತದೆ.

ಮೆತ್ತನೆಯ ನೂಲು ಉಕ್ಕನ್ನು ಕೊಯ್ಯುವುದೇ?

ಕೊಯ್ಯುತ್ತದೆ. ನಿಮಿಷಕ್ಕೆ 14 ಮೀಟರಿನಂತೆ, ದಿನವಿಡೀ ನಡೆದರೆ, ಒಂದು ಕೊಕ್ಕೆಯಲ್ಲಿ 20 ಕಿಲೋಮೀಟರ್ ನೂಲು ಹಾಯುತ್ತದೆ. ವರ್ಷಕ್ಕೆ 300 ದಿನವೆಂದು ಹಿಡಿದರೆ 6,000 ಕಿಲೋಮೀಟರ್ ಆಯಿತು. ಭಾರತದ ದಕ್ಷಿಣೋತ್ತರ ಉದ್ದ 3,214 ಕಿಲೋಮೀಟರ್. ಇದು ಅದರ ಇಮ್ಮಡಿಗೆ ಸಮೀಪ. ಅಲ್ಲದೆ ಬಲೂನು ಸುತ್ತುವಾಗ ನೂಲು ದಿನಕ್ಕೆ 1.44 ಕೋಟಿ ಸಲ ಕಣ್ಣಿನ ಅಂಚನ್ನು ಸವರುತ್ತದೆ. ಹತ್ತಿಯೊಡನೆ ಹೊಲದ ಧೂಳೂ ಬರುತ್ತದೆ. ಆ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಮೋಸ್ ಮಾನದಲ್ಲಿ 7ರ ಕಾಠಿಣ್ಯದವು. ಮೆದು ಉಕ್ಕಿಗಿಂತ ಕಠಿಣ. ನೂಲು ಅವನ್ನು ಹೊತ್ತು ಅರದಂತೆ ಉಜ್ಜುತ್ತದೆ.

ಹೀಗೆ ಬಿದ್ದ ಗೀರು ದಿನಕಳೆದಂತೆ ಕಾಲುವೆಯಾಗುತ್ತದೆ. ನೂಲು ಅದರೊಳಗೆ ಇಳಿದಾಗ ಎರಡೂ ಗೋಡೆಗಳು ಅದನ್ನು ಅದುಮುತ್ತವೆ. ಹಿಟ್ಟಿನ ಗಿರಣಿಯ ಗಾಲಿಯ ಸಂದಿನಲ್ಲಿ ವಿ-ಬೆಲ್ಟು ಕಚ್ಚಿಕೊಳ್ಳುವುದೂ ಹೀಗೆಯೇ. ಗೋಡೆಗಳ ನಡುವಿನ ಕೋನ 60 ಡಿಗ್ರಿಯಾದರೆ ಘರ್ಷಣೆಯು ಇಮ್ಮಡಿಯಾಗುತ್ತದೆಂದು ತ್ರಿಕೋಣಮಿತಿ ಬಲ್ಲವರು ಸುಲಭವಾಗಿ ತೋರಿಸಬಹುದು. 0.2 ಇದ್ದ ಘರ್ಷಣಾಂಕವು 0.4ರಂತೆ ವರ್ತಿಸುವುದು ಹೀಗೆ. ಮೇಲಿನ ಲೆಕ್ಕದಲ್ಲಿ ನಾವು ಆ ಎರಡು ಸಂಖ್ಯೆಗಳನ್ನು ಆರಿಸಿದುದಕ್ಕೆ ಇದೇ ಕಾರಣ. ಗೀರುಬಿದ್ದ ಕೊಕ್ಕೆಯು ನೂಲಿನ ಮೈಯನ್ನು ಕೆದರಿ ತುಪ್ಪಳವನ್ನೂ ಎಬ್ಬಿಸುತ್ತದೆ. ಅಂಥ ನೂಲು ಮಗ್ಗಕ್ಕೆ ಬಂದಾಗ ಕಡಿದ ಎಳೆಗಳನ್ನು ಗಂಟುಹಾಕುತ್ತ ಹೊತ್ತು ಕಳೆಯಬೇಕಾದವರು ನೇಕಾರರು.

ಸುಧಾರಿಸಿದ ಕೊಕ್ಕೆ

ಹಾಗಾದರೆ ಒಳ್ಳೆಯ ಕೊಕ್ಕೆ ಹೇಗಿರಬೇಕು?

ಮೊದಲನೆಯದಾಗಿ, ಅದರ ಮೈ ಧೂಳಿಗಿಂತ ಕಠಿಣವಾಗಿರಬೇಕು. ಕಾಯಿಸಿ ಹದಗೊಳಿಸಿದ ಉಕ್ಕು, ಕ್ರೋಮಿಯಂ ಲೇಪ, ಅಲ್ಯುಮಿನಾ ಪಿಂಗಾಣಿ ಇವು ಇದಕ್ಕೆ ಬಂದಿವೆ. ಅಲ್ಯುಮಿನಾದ ಕಾಠಿಣ್ಯ ಮೋಸ್ ಮಾನದಲ್ಲಿ 9. ಕೃತಕ ನಾರಿನ ಯಂತ್ರಗಳಲ್ಲಿ ಪಿಂಗಾಣಿಯ ಕಣ್ಣು ಸರ್ವಸಾಮಾನ್ಯವಾಗಿದೆ.

ಎರಡನೆಯದಾಗಿ, ಮೈ ನಯವಾಗಿರಬೇಕು. ಆದರೆ ಕನ್ನಡಿಯಂಥ ಹೊಳಪು ಎಲ್ಲ ನೂಲಿಗೂ ಹಿತವಲ್ಲ. ಬಹಳ ನುಣುಪಾದ ಮೈಗೆ ನೂಲು ಹೆಚ್ಚು ವಿಸ್ತಾರವಾಗಿ ತಾಗುವುದರಿಂದ, ವಿಶೇಷವಾಗಿ ಕೃತಕ ನಾರುಗಳಲ್ಲಿ, ಘರ್ಷಣೆ ಏರುವುದುಂಟು. ಮಂಕಾದ, ಆದರೆ ಚೂಪು ಅಂಚಿಲ್ಲದ ಮೈ ಅಂಥ ಕಡೆ ಉತ್ತಮ. ಹತ್ತಿಗಾದರೋ ನಾರಿನ ಮೇಲಿರುವ ಸಹಜ ಮೇಣವೇ ಎಣ್ಣೆಯ ಕೆಲಸವನ್ನು ಮಾಡುತ್ತದೆ.

ಮೂರನೆಯದಾಗಿ, ಬಾಗುಕೋನ ಆದಷ್ಟು ಕಡಮೆಯಿರಬೇಕು. ಉರುಳೆಗಳ ಚೌಕಟ್ಟನ್ನು ಓರೆಯಾಗಿ ನಿಲ್ಲಿಸಿ ನೂಲಿನ ದಾರಿಯನ್ನು ನೇರಗೊಳಿಸುವುದು ಇದಕ್ಕಾಗಿಯೇ.

ನಾಲ್ಕನೆಯದಾಗಿ, ಕಣ್ಣು ಕದಿರಿನ ಅಕ್ಷಕ್ಕೆ ಸರಿಯಾಗಿ ಕೂಡಬೇಕು. ಸ್ವಲ್ಪ ಓರೆಯಾದರೂ ಬಿಗಿತವು ಸುತ್ತುಸುತ್ತಿಗೂ ಏರಿಳಿಯುತ್ತದೆ. ಬಳೆಯ ಹಲಗೆಯು ಮೇಲೆ ಕೆಳಗೆ ಚಲಿಸುವಾಗ ಬಲೂನಿನ ಎತ್ತರ ಬದಲಾಗುವುದರಿಂದ, ಅನೇಕ ಯಂತ್ರಗಳಲ್ಲಿ ಕೊಕ್ಕೆಯೂ ಅದರೊಡನೆ ಚಲಿಸುವಂತೆ ಏರ್ಪಡಿಸಿರುವರು.

ಮಾಡಿ ನೋಡತಕ್ಕ ಪ್ರಯೋಗ

ಒಂದು ನಯವಾದ ಉಕ್ಕಿನ ಕಡ್ಡಿಯನ್ನು ಅಡ್ಡಲಾಗಿ ಭದ್ರಪಡಿಸಿ. ಅದರ ಮೇಲೆ ಹತ್ತಿಯ ದಾರವನ್ನು ಇಳಿಬಿಟ್ಟು, ಒಂದು ತುದಿಗೆ 50 ಗ್ರಾಮಿನ ತೂಕವನ್ನೂ ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿಯನ್ನೂ ಕಟ್ಟಿ. ತಕ್ಕಡಿಯನ್ನು ಮೆಲ್ಲನೆ ಕೆಳಕ್ಕೆ ಎಳೆದು ತೂಕವು ಮೇಲೇರುವಾಗ ಅಂಕಿಯನ್ನು ಓದಿ. ಘರ್ಷಣಾಂಕ 0.2 ಇದ್ದರೆ ಅದು 94 ಗ್ರಾಮಿಗೆ ಸಮೀಪವಿರಬೇಕು. ದಾರವನ್ನು ಇನ್ನೊಂದು ಪೂರ್ತಿ ಸುತ್ತು ಸುತ್ತಿದರೆ 330 ಗ್ರಾಮಿನ ತನಕ ಏರುತ್ತದೆ. ಬಿಗಿತಗಳ ನಿಷ್ಪತ್ತಿಯ ಸಹಜ ಲಾಗರಿತಮನ್ನು ಕೋನದಿಂದ ಭಾಗಿಸಿದರೆ ನಿಮ್ಮ ದಾರದ ಘರ್ಷಣಾಂಕ ಬರುತ್ತದೆ. ಆಮೇಲೆ ಮುಮ್ಮೂಲೆ ಅರದಿಂದ ಕಡ್ಡಿಯ ಮೇಲೆ ಗೀರು ಮಾಡಿ, ದಾರವನ್ನು ಅದರಲ್ಲಿ ಕೂಡಿಸಿ ಪುನಃ ಅಳೆಯಿರಿ. ವ್ಯತ್ಯಾಸವನ್ನು ತಕ್ಕಡಿಯೇ ಹೇಳುವುದು.

ನಮ್ಮ ಹತ್ತಿಯೂ ಯಂತ್ರವೂ

ಯಂತ್ರದ ವೇಗ ಏರಿದಂತೆ ಗಿರಣಿಗಳು ಉದ್ದವಾದ, ಬಲವಾದ ನಾರನ್ನೇ ಹೆಚ್ಚು ಬಯಸತೊಡಗಿದವು. ಧಾರವಾಡದಲ್ಲಿ ಬಿ. ಎಚ್. ಕಟರಕಿಯವರು 1972ರಲ್ಲಿ ಹೊರತಂದ ವರಲಕ್ಷ್ಮಿ ಎಂಬ ಮಿಶ್ರತಳಿಯು ನೀಳ ನಾರಿಗೆ ದೇಶದಲ್ಲೆಲ್ಲ ಪ್ರಸಿದ್ಧವಾಯಿತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ದೊರೆಯಿತು. ಹೆಚ್ಚಿನ ಇಳುವರಿಯ ಆಸೆಯೂ ಇದರೊಡನೆ ಕೂಡಿ, ಜಯಧರದ ಬಿತ್ತನೆ ಬಹಳ ಕುಗ್ಗಿತು. ಆದರೆ ನೀರಾವರಿಯಿಲ್ಲದ ಎರೆಹೊಲದಲ್ಲಿ, ಮಳೆ ಕೈಕೊಟ್ಟ ವರ್ಷವೂ ತಾಳಿ ನಿಲ್ಲುವ ಗುಣ ನಾಡಹತ್ತಿಯದು. ರೋಣ, ನರಗುಂದಗಳ ಒಣಬೇಸಾಯದ ರೈತನಿಗೆ ಆ ಗುಣ ಸಣ್ಣದಲ್ಲ.

ಯಂತ್ರಕ್ಕೆ ತಕ್ಕಂತೆ ಬೀಜವನ್ನು ಬದಲಾಯಿಸುವುದು ಒಂದು ಮಾರ್ಗ. ಬೆಳೆಗೆ ತಕ್ಕಂತೆ ಯಂತ್ರವನ್ನು ತಿದ್ದುವುದು ಇನ್ನೊಂದು. ಮೊದಲನೆಯದರಲ್ಲಿ ನಮ್ಮವರು ಬಹುದೂರ ನಡೆದಿದ್ದಾರೆ. ಎರಡನೆಯದರಲ್ಲಿ ಮಾಡತಕ್ಕುದು ಇನ್ನೂ ಉಳಿದಿದೆ. ಕೊಕ್ಕೆಯೊಂದನ್ನು ಸುಧಾರಿಸಿದ ಮಾತ್ರಕ್ಕೆ ಗಿಡ್ಡ ನಾರು ನೀಳವಾಗದು. ಆದರೆ ಹದವಾದ ವೇಗ, ನೇರವಾದ ದಾರಿ, ಗೀರುಬೀಳದ ಕಣ್ಣು ಇವು ಸೇರಿದರೆ, ಹುರಿಯು ತಡೆಯಿಲ್ಲದೆ ಉರುಳೆಯ ಬಾಯಿಯನ್ನು ಮುಟ್ಟುತ್ತದೆ. ಅದೇ ನಾರಿನಿಂದ ಎಳೆ ಕಡಿಯದ ನೂಲನ್ನು ತೆಗೆಯಲು ಅನುಕೂಲವಾಗುತ್ತದೆ. ರಾಟೆಯ ಮುಂದೆ ಕುಳಿತವರ ಬೆರಳು ಅರಿತು ಮಾಡುತ್ತಿದ್ದ ಕೆಲಸವನ್ನು ತಂತಿಯ ತುಂಡಿಗೆ ಕಲಿಸಬೇಕಾಗಿದೆ. ಅದಕ್ಕೆ ಬೇಕಾದ ಭೌತವಿಜ್ಞಾನವು ಕಾಲೇಜಿನ ಮೊದಲ ತರಗತಿಗಳ ಪಠ್ಯದಲ್ಲಿಯೇ ಇದೆ.