ಡಬ್ಬಿಯ ಮುಚ್ಚಳ ತೆಗೆಯದೆ

ಸರ್ವರ್ ಕೋಡ್ ಬರೆಯತೊಡಗಿ ಹದಿನೈದು ವರ್ಷವಾಯಿತು. ಹೆಚ್ಚು ಕಾಲ ಜಾವಾ, ನಡುವೆ ಹ್ಯಾಸ್ಕೆಲ್, ಬೇಕಾದಾಗ ಜಾವಾಸ್ಕ್ರಿಪ್ಟ್. ಮೂರರಲ್ಲೂ ದಿನನಿತ್ಯ ಕೈಗೆ ಬರುವ ಸಲಕರಣೆ ‘ಮ್ಯಾಪ್’. ಅದರಿಂದ ಕಲಿತದ್ದನ್ನು ಈಚೆಗೆ ಕೆಲಸಕ್ಕೆ ಸೇರಿದವರಿಗಾಗಿ ಬರೆದಿಡುತ್ತಿದ್ದೇನೆ.

1. ಮುಚ್ಚಳ ತೆಗೆಯಬೇಡಿ, ಫಂಕ್ಷನ್ನನ್ನೇ ಒಳಗೆ ಕಳಿಸಿ

ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ನಲ್ ತಂದರು. 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ತಾವೇ ಕರೆದುಕೊಂಡರು. ಸಾಲು ಸಾಲಿಗೂ ‘ನಲ್ ಇದೆಯಾ?’ ಎಂದು ಕೇಳಿಕೊಳ್ಳುವ ಕಷ್ಟ ನಮಗೆ ಬಂದದ್ದು ಅಲ್ಲಿಂದ. ಹ್ಯಾಸ್ಕೆಲ್‌ನ ಮೇಬಿ, 2014ರಲ್ಲಿ ಜಾವಾ 8ರೊಡನೆ ಬಂದ ಆಪ್ಷನಲ್, ಇವೆಲ್ಲ ‘ಇರಬಹುದು, ಇಲ್ಲದಿರಬಹುದು’ ಎಂಬುದನ್ನು ಟೈಪಿನಲ್ಲೇ ಹೇಳಿಬಿಡುವ ಡಬ್ಬಿಗಳು.

ಬೆಲೆಗೆ ತೆರಿಗೆ ಸೇರಿಸುವ ಫಂಕ್ಷನ್ ಸಂಖ್ಯೆ ಪಡೆದು ಸಂಖ್ಯೆ ಕೊಟ್ಟರೆ ಸಾಕು. ಬೆಲೆ ಇದೆಯೋ ಇಲ್ಲವೋ ಎಂಬ ಚಿಂತೆ ಅದಕ್ಕೆ ಬೇಡ. ಡಬ್ಬಿಯಲ್ಲಿ ಬೆಲೆಯಿದ್ದರೆ ಮ್ಯಾಪ್ ಅದರ ಮೇಲೆ ಫಂಕ್ಷನ್ ನಡೆಸುತ್ತದೆ, ಬರಿದಾಗಿದ್ದರೆ ಬರಿದಾಗಿಯೇ ಬಿಡುತ್ತದೆ. ಅದೇ ಫಂಕ್ಷನ್ ನಾಳೆ ಬೆಲೆಗಳ ಲಿಸ್ಟಿಗೂ ಆಗುತ್ತದೆ, ಒಂದಕ್ಷರ ತಿದ್ದಬೇಕಾಗಿಲ್ಲ. ಅರ್ಧ ದಾರಿಯಲ್ಲಿ ‘ಗೆಟ್’ ಕರೆದು ಮೌಲ್ಯವನ್ನು ಹೊರಗೆಳೆಯುವ ಕೋಡ್ ರಿವ್ಯೂಗೆ ಬಂದರೆ ನಾನು ಅಲ್ಲೇ ತಡೆಯುತ್ತೇನೆ.

2. ಎರಡು ನಿಯಮಗಳನ್ನು ಬಾಯಿಪಾಠ ಮಾಡಿಕೊಳ್ಳಿ

ಕೊಟ್ಟದ್ದನ್ನೇ ಹಿಂದಿರುಗಿಸುವ ಫಂಕ್ಷನ್ನನ್ನು ಮ್ಯಾಪ್ ಮಾಡಿದರೆ ಏನೂ ಬದಲಾಗಕೂಡದು. ಎರಡು ಫಂಕ್ಷನ್‌ಗಳನ್ನು ಒಂದರ ನಂತರ ಒಂದು ಮ್ಯಾಪ್ ಮಾಡಿದರೂ, ಎರಡನ್ನೂ ಬೆಸೆದು ಒಂದೇ ಸಲ ಮ್ಯಾಪ್ ಮಾಡಿದರೂ ಫಲ ಒಂದೇ ಆಗಬೇಕು. ಇವೆರಡನ್ನೂ ಪಾಲಿಸಿದರೆ ಮಾತ್ರ ಆ ಡಬ್ಬಿ ಫಂಕ್ಟರ್. ಐಲೆನ್‌ಬರ್ಗ್ ಮತ್ತು ಮ್ಯಾಕ್‌ಲೇನ್ 1945ರಲ್ಲಿ ಬರೆದ ಗಣಿತದ ಪ್ರಬಂಧದಲ್ಲಿ ಇರುವ ನಿಯಮಗಳೇ ಇವು. ಗಣಿತದವರ ಅಚ್ಚುಕಟ್ಟು ನಮ್ಮ ಕೆಲಸಕ್ಕೇಕೆ ಎಂದುಕೊಂಡಿದ್ದೆ, ಒಂದು ಮಧ್ಯಾಹ್ನದವರೆಗೆ.

ಪಾರ್ಸೆಲ್‌ಗಳ ಚೀಟಿ ಮುದ್ರಿಸುವ ಕೋಡ್ ಅದು. ವಿಳಾಸದಿಂದ ಲ್ಯಾಂಡ್‌ಮಾರ್ಕ್ ತೆಗೆಯುವ ಒಂದು ಫಂಕ್ಷನ್ ಇತ್ತು, ಕೆಲವೊಮ್ಮೆ ನಲ್ ಕೊಡುತ್ತಿತ್ತು. ಅದರ ಬೆನ್ನಿಗೆ, ನಲ್ ಬಂದರೆ ‘ಮೊದಲು ಫೋನ್ ಮಾಡಿ’ ಎಂದು ಬರೆಯುವ ಇನ್ನೊಂದು. ಎರಡೂ ಒಂದೇ ಮ್ಯಾಪಿನೊಳಗಿದ್ದವು. ಓದಲು ಸುಲಭವಾಗಲಿ ಎಂದು ನಾನು ಅದನ್ನು ಎರಡು ಮ್ಯಾಪ್‌ಗಳಾಗಿ ಬಿಡಿಸಿದೆ. ಚೀಟಿಗಳಿಂದ ಆ ಸಾಲೇ ಮಾಯವಾಯಿತು. ಮ್ಯಾಪಿಗೆ ಕೊಟ್ಟ ಫಂಕ್ಷನ್ನಿಂದ ನಲ್ ಬಂದ ಕೂಡಲೇ ಜಾವಾದ ಆಪ್ಷನಲ್ ಬರಿದಾಗುತ್ತದೆ, ಹಾಗಾಗಿ ಎರಡನೆಯ ಫಂಕ್ಷನ್ನಿನ ಸರದಿಯೇ ಬರಲಿಲ್ಲ. ನಲ್ ಎದುರಾದಾಗ ಆಪ್ಷನಲ್ ಎರಡನೆಯ ನಿಯಮವನ್ನು ಮುರಿಯುತ್ತದೆ. ಇದನ್ನು ಪತ್ತೆಹಚ್ಚಲು ಒಂದೂವರೆ ದಿನ ಹಿಡಿಯಿತು. ಅಲ್ಲಿಂದೀಚೆಗೆ ನಮ್ಮ ಟೀಮಿನಲ್ಲಿ ಯಾರೇ ಹೊಸ ಡಬ್ಬಿ ಕಟ್ಟಿದರೂ ಈ ಎರಡು ನಿಯಮಗಳಿಗೆ ಟೆಸ್ಟ್ ಬರೆಯದೆ ಮರ್ಜ್ ಮಾಡುವುದಿಲ್ಲ.

3. ಮ್ಯಾಪ್ ಡಬ್ಬಿಯ ಆಕಾರ ಮುಟ್ಟದು

ಮೂರು ಅಂಶಗಳ ಲಿಸ್ಟ್ ಕೊಟ್ಟರೆ ಮೂರೇ ಬರಬೇಕು, ಅದೇ ಕ್ರಮದಲ್ಲಿ. ಕೆಲವನ್ನು ಕೈಬಿಡಬೇಕಿದ್ದರೆ ಅದು ಫಿಲ್ಟರ್‌ನ ಕೆಲಸ.

4. ಡಬ್ಬಿಯೊಳಗೆ ಡಬ್ಬಿ ಕಂಡರೆ ದಾರಿ ಬೇರೆ

ಗ್ರಾಹಕರನ್ನು ಹುಡುಕುವ ಫಂಕ್ಷನ್ ಆಪ್ಷನಲ್ ಕೊಡುತ್ತದೆ. ಅವರ ವಿಳಾಸ ಹುಡುಕುವುದೂ ಆಪ್ಷನಲ್ಲೇ. ಇವನ್ನು ಮ್ಯಾಪಿನಿಂದ ಜೋಡಿಸಿದರೆ ಆಪ್ಷನಲ್ ಒಳಗೊಂದು ಆಪ್ಷನಲ್ ಕೂರುತ್ತದೆ. ಆಗ ಬೇಕಾದದ್ದು ಫ್ಲಾಟ್‌ಮ್ಯಾಪ್. ರಸ್ಟ್‌ನಲ್ಲಿ ಅದರ ಹೆಸರು ‘ಆ್ಯಂಡ್ ದೆನ್’. ಜಾವಾಸ್ಕ್ರಿಪ್ಟ್ ಪ್ರಾಮಿಸ್‌ನ ‘ದೆನ್’ ಮ್ಯಾಪ್, ಫ್ಲಾಟ್‌ಮ್ಯಾಪ್ ಎರಡರ ಕೆಲಸವನ್ನೂ ತಾನೇ ಮಾಡಿಬಿಡುತ್ತದೆ. ಅನುಕೂಲವೇನೋ ಹೌದು, ಆದರೆ ಅಲ್ಲೇ ಕಲಿತವರಿಗೆ ಎರಡರ ವ್ಯತ್ಯಾಸ ತಿಳಿಯಲು ತಡವಾಗುವುದನ್ನು ನೋಡಿದ್ದೇನೆ.

5. ಮ್ಯಾಪ್ ಏನೇನು ಕೊಡುತ್ತದೆ ಎಂದು ನೋಡಿಕೊಳ್ಳಿ

ಜಾವಾಸ್ಕ್ರಿಪ್ಟ್‌ನಲ್ಲಿ "10", "10", "10" ಎಂಬ ಮೂರು ಪಠ್ಯಗಳ ಮೇಲೆ ಪಾರ್ಸ್‌ಇಂಟ್ ಮ್ಯಾಪ್ ಮಾಡಿ ನೋಡಿ. ಸಿಗುವುದು 10, ನ್ಯಾನ್, 2. ಅಲ್ಲಿನ ಮ್ಯಾಪ್ ಅಂಶದ ಜೊತೆಗೆ ಅದರ ಕ್ರಮಸಂಖ್ಯೆಯನ್ನೂ ಕೊಡುತ್ತದೆ, ಪಾರ್ಸ್‌ಇಂಟ್ ಅದನ್ನು ಸಂಖ್ಯಾಪದ್ಧತಿಯ ಆಧಾರ ಎಂದು ತಿಳಿಯುತ್ತದೆ. ಮೂರನೆಯ "10" ದ್ವಿಮಾನದಲ್ಲಿ 2 ಆಗುವುದು ಹೀಗೆ.

6. ಡಬ್ಬಿಯ ಹೋಲಿಕೆಯನ್ನು ಒಂದು ಹಂತದಲ್ಲಿ ಬಿಡಿ

ಹೊಸಬರಿಗೆ ನಾನೂ ಡಬ್ಬಿಯಿಂದಲೇ ಶುರುಮಾಡುತ್ತೇನೆ. ವಾರ ಕಳೆಯುವಷ್ಟರಲ್ಲಿ ಪ್ರಾಮಿಸ್ ತೋರಿಸುತ್ತೇನೆ: ಅದರೊಳಗೆ ಇನ್ನೂ ಏನೂ ಬಂದಿಲ್ಲ, ಆದರೂ ಅದರ ಮೇಲೆ ಫಂಕ್ಷನ್ ನಡೆಸಬಹುದು. ಹ್ಯಾಸ್ಕೆಲ್‌ನಲ್ಲಿ ಫಂಕ್ಷನ್ ಕೂಡ ಫಂಕ್ಟರ್, ಅದರ ಮೇಲಿನ ಮ್ಯಾಪ್ ಎಂದರೆ ಎರಡು ಫಂಕ್ಷನ್‌ಗಳ ಬೆಸುಗೆ. ಅಲ್ಲಿ ತೆರೆಯಲು ಡಬ್ಬಿಯೇ ಇಲ್ಲ.

ಜಾವಾದ ಸ್ಟ್ರೀಮ್ ಕೂಡ ಇಂಥದ್ದೇ. ಫಲ ಕೇಳುವ ಕೊನೆಯ ಕರೆ ಬರುವವರೆಗೆ ಮ್ಯಾಪಿಗೆ ಕೊಟ್ಟ ಫಂಕ್ಷನ್ ಒಮ್ಮೆಯೂ ಓಡದು. ಈಮೇಲ್ ಕಳಿಸುವ, ಡೇಟಾಬೇಸಿಗೆ ಬರೆಯುವ ಕೆಲಸವನ್ನು ನೀವು ಮ್ಯಾಪಿನೊಳಗೆ ಇಟ್ಟಿದ್ದರೆ ದಯವಿಟ್ಟು ಇವತ್ತೇ ಹೊರಗೆ ತೆಗೆಯಿರಿ.