ಎಕ್ಸೆಲ್ ಮ್ಯಾಕ್ರೋ: ಹಿಂದಿನ ಹುಡುಕಾಟದ ಷರತ್ತು ಮುಂದಿನ ಬಿಲ್ಲಿನಲ್ಲಿ

ದರಪಟ್ಟಿಯಿಂದ ಬಿಲ್ಲು ತಯಾರಿಸಲು ಎಕ್ಸೆಲ್ ಮ್ಯಾಕ್ರೋಗಳನ್ನು ನೆಚ್ಚಿಕೊಂಡಿರುವ ಸಗಟು ಮಳಿಗೆಗಳೂ ಸಣ್ಣ ಕಾರ್ಖಾನೆಗಳೂ ಇಂದಿಗೂ ಇವೆ. 1993ರಲ್ಲಿ ಎಕ್ಸೆಲ್ 5ರೊಂದಿಗೆ ಬಂದ ವಿಬಿಎ ಭಾಷೆಯಲ್ಲಿ ಬರೆದ ಇಂತಹ ಮ್ಯಾಕ್ರೋ ಬೆಳಿಗ್ಗೆ ಸರಿಯಾದ ದರವನ್ನೂ ಸಂಜೆ ತಪ್ಪು ದರವನ್ನೂ ಕೊಡುವುದುಂಟು. ಪಟ್ಟಿಯೂ ಬದಲಾಗಿರುವುದಿಲ್ಲ, ಮ್ಯಾಕ್ರೋವೂ ಬದಲಾಗಿರುವುದಿಲ್ಲ. ಹೀಗಾದಾಗ ಮೊದಲು ಪರಿಶೀಲಿಸಬೇಕಾದದ್ದು 'ಫೈಂಡ್' ಎಂಬ ಹುಡುಕಾಟದ ಆದೇಶವನ್ನು.

ಈ ಆದೇಶಕ್ಕೆ ಕೆಲವು ಷರತ್ತುಗಳಿವೆ. ಸೂತ್ರದಲ್ಲಿ ಹುಡುಕಬೇಕೋ ತೋರುವ ಮೌಲ್ಯದಲ್ಲೋ ಎಂಬುದನ್ನು 'ಲುಕ್‌ಇನ್' ನಿರ್ಧರಿಸಿದರೆ, ಸೆಲ್ಲಿನ ಪೂರ್ಣ ಬರಹ ಹೊಂದಬೇಕೋ ಒಂದು ಭಾಗ ಹೊಂದಿದರೆ ಸಾಕೋ ಎಂಬುದನ್ನು 'ಲುಕ್‌ಅಟ್' ನಿರ್ಧರಿಸುತ್ತದೆ. ಹುಡುಕುವ ಕ್ರಮಕ್ಕೆ 'ಸರ್ಚ್‌ಆರ್ಡರ್' ಇದೆ. ಇವನ್ನು ಬರೆಯದೆ ಬಿಟ್ಟರೆ ಎಕ್ಸೆಲ್ ಮೂಲ ಷರತ್ತಿಗೆ ಮರಳುವುದಿಲ್ಲ. ಹಿಂದಿನ ಸಲ ಬಳಸಿದ್ದನ್ನೇ ಮುಂದುವರಿಸುತ್ತದೆ. ಆ ಹಿಂದಿನ ಹುಡುಕಾಟ ಬೇರೊಂದು ಮ್ಯಾಕ್ರೋದ್ದಾಗಿರಬಹುದು, ಗುಮಾಸ್ತರು ಕಂಟ್ರೋಲ್-ಎಫ್ ಒತ್ತಿ ಮಾಡಿದ್ದೂ ಆಗಿರಬಹುದು. ತಯಾರಕರು ತಮ್ಮ ಕೈಪಿಡಿಯಲ್ಲೇ ಇದನ್ನು ತಿಳಿಸಿರುವುದರಿಂದ ಶಾಸ್ತ್ರೀಯವಾಗಿ ಇದು ದೋಷವಲ್ಲ. ಹಣ ಕಳೆದುಕೊಂಡವರಿಗೆ ಆ ವ್ಯತ್ಯಾಸದಿಂದ ಸಮಾಧಾನವೇನೂ ಸಿಗದು!

ಉದಾಹರಣೆಗೆ, ಪಟ್ಟಿಯಲ್ಲಿ 112 ಎಂಬ ಸರಕು ಸಂಖ್ಯೆ ಮೇಲೆಯೂ 12 ಅದರ ಕೆಳಗೂ ಇದೆ; ದರಗಳು ಕ್ರಮವಾಗಿ 840 ಮತ್ತು 95 ರೂಪಾಯಿ ಎಂದಿಟ್ಟುಕೊಳ್ಳೋಣ. ಮ್ಯಾಕ್ರೋ 12ನ್ನು ಹುಡುಕಿದಾಗ 'ಪೂರ್ಣ' ಷರತ್ತು ಉಳಿದಿದ್ದರೆ 95 ದೊರೆಯುತ್ತದೆ. 'ಭಾಗ' ಷರತ್ತು ಉಳಿದಿದ್ದರೆ 112ರೊಳಗಿನ 12 ಮೊದಲು ಸಿಕ್ಕಿ 840 ಬರುತ್ತದೆ. 50 ನಗಗಳ ಬಿಲ್ಲು 4,750ರ ಬದಲು 42,000 ರೂಪಾಯಿಯಾಗುತ್ತದೆ. ಇಷ್ಟು ದೊಡ್ಡ ಅಂತರವನ್ನು ಗ್ರಾಹಕರೇ ಹಿಡಿದಾರು. 95ರ ಬದಲು 91 ಬಂದರೆ ಹಿಡಿಯುವವರು ಯಾರು? ಏನೂ ಸಿಗದೆ ಮ್ಯಾಕ್ರೋ ನಿಂತುಹೋಗುವುದು ಇದಕ್ಕಿಂತ ಎಷ್ಟೋ ಮೇಲು.

ಜಿಎಸ್‌ಟಿಯ ಎಚ್‌ಎಸ್‌ಎನ್ ಸಂಕೇತಗಳಲ್ಲಿ ಅಪಾಯ ಇನ್ನೂ ಹೆಚ್ಚು. ನಾಲ್ಕಂಕಿಯ ಸಂಕೇತವು ಅದೇ ವರ್ಗದ ಆರಂಕಿ, ಎಂಟಂಕಿಯ ಸಂಕೇತಗಳ ಆರಂಭದಲ್ಲಿ ಇದ್ದೇ ಇರುತ್ತದೆ. ಹತ್ತಿಬಟ್ಟೆಯ 5208ನ್ನು ಭಾಗವಾಗಿ ಹುಡುಕಿದರೆ ಆ ಅಂಕಿಗಳಿರುವ ಯಾವ ಸಾಲಾದರೂ ಸಿಗಬಹುದು.

ಎಕ್ಸೆಲ್ ಮುಚ್ಚಿ ತೆರೆದರೆ ಹಳೆಯ ನೆನಪು ಅಳಿದು 'ಭಾಗ' ಷರತ್ತೇ ಬರುತ್ತದೆ. ಮ್ಯಾಕ್ರೋ ಬರೆದವರ ಗಣಕದಲ್ಲಿ 'ಪೂರ್ಣ' ಉಳಿದಿದ್ದಾಗ ಪರೀಕ್ಷೆ ಗೆದ್ದು, ನಮ್ಮ ಮಳಿಗೆಯಲ್ಲಿ ಸೋಲುವುದು ಹೀಗೆ.

ಪ್ರತಿಯೊಂದು ಫೈಂಡ್ ಆದೇಶದಲ್ಲೂ ಮೂರು ಷರತ್ತುಗಳನ್ನೂ ಬರೆಯುವಂತೆ, ಲುಕ್‌ಅಟ್‌ಗೆ 'ಎಕ್ಸ್‌ಎಲ್‌ಹೋಲ್' ಎಂದೇ ನಮೂದಿಸುವಂತೆ ಪ್ರೋಗ್ರಾಮರಿಗೆ ತಿಳಿಸಬೇಕು. 'ರಿಪ್ಲೇಸ್' ಆದೇಶಕ್ಕೂ ಲುಕ್‌ಅಟ್ ಹೀಗೆಯೇ ಉಳಿಯುತ್ತದೆ. ಅದು ಪಟ್ಟಿಯನ್ನೇ ತಿದ್ದಿಬಿಡುವುದರಿಂದ ಹಾನಿ ಹೆಚ್ಚು. ಮಾಲೀಕರು ತಾವೇ ಪರೀಕ್ಷಿಸಬಹುದು: ಹುಡುಕುವ ಕಿಟಕಿಯ ಆಯ್ಕೆಗಳಲ್ಲಿ 'ಮ್ಯಾಚ್ ಎಂಟೈರ್ ಸೆಲ್ ಕಂಟೆಂಟ್ಸ್' ಗುರುತು ಹಾಕಿ ಏನನ್ನಾದರೂ ಒಮ್ಮೆ ಹುಡುಕಿ, ಬಳಿಕ ಮ್ಯಾಕ್ರೋ ನಡೆಸಿ, ಗುರುತು ತೆಗೆದು ಹಾಗೆಯೇ ಇನ್ನೊಮ್ಮೆ ಮಾಡಿ. ಎರಡು ಸಲದ ಮೊತ್ತಗಳು ಬೇರೆಯಾದರೆ ಹಿಂದಿನ ಬಿಲ್ಲುಗಳನ್ನೂ ಮೂಲ ದರಪಟ್ಟಿಯೊಂದಿಗೆ ತಾಳೆ ನೋಡಬೇಕಾಗುತ್ತದೆ.